ಹಸಿರು ಪುಸ್ತಕದ ಹಡಗು

ಮಾರ್ಚ್ 4, ಬೆಳಿಗ್ಗೆ ಆರೂವರೆ

ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಉಬ್ಬಲು ಇನ್ನೂ ಒಂದು ಗಂಟೆ ಬೇಕು. ಮನೆಯಲ್ಲಿರುವುದು ಇಬ್ಬರು, ನಾದುವುದು ಎಂಟು ಜನಕ್ಕೆ. ಹಡಗಿನ ಬೇಕರಿಯಲ್ಲಿ ಒಂದು ಸಲಕ್ಕೆ ನಾನೂರು ಬನ್ನು. ಇಳಿದು ಬಂದು ಹನ್ನೊಂದು ವರ್ಷವಾದರೂ ಕೈ ಇನ್ನೂ ಅಲ್ಲೇ ಉಳಿದಿದೆ. ಮಿಕ್ಕಿದ್ದೆಲ್ಲ ಎದುರು ಮನೆಯ ದರ್ಜಿಗೆ. ಅವನೂ ಈಚೆಗೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾನೆ.

ಇವಳಿಗೆ ಈ ತಿಂಗಳ ಕೊನೆಗೆ ರಿಟೈರ್ಮೆಂಟ್. ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವಳು. ಏನು ಉಡುಗೊರೆ ಬೇಕು ಎಂದು ಮಗಳು ಕೇಳಿದ್ದಕ್ಕೆ ಒಂದು ಕ್ಷಣವೂ ತಡಮಾಡಲಿಲ್ಲ.

"ಹಡಗು. ನಿಮ್ಮಪ್ಪ ಹದಿನೆಂಟು ವರ್ಷ ನೋಡಿದ್ದನ್ನ ನಾನು ಒಂದು ವಾರ ನೋಡ್ಬೇಕು."

ನಿನ್ನೆ ಮಗಳು ಟ್ರಾವೆಲ್ ಏಜೆಂಟ್ ಕೊಟ್ಟ ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ನೀಲಿ, ಬಿಳಿ, ಹಸಿರು. ಮೂರು ಕಂಪನಿ, ಮೂರು ಹಡಗು.

"ಅಪ್ಪ, ಊಟ, ಮನರಂಜನೆ, ಉಳ್ಕೊಳ್ಳೋ ಅನುಕೂಲ, ಮೂರನ್ನೂ ಹೋಲಿಸಿ ಬರೆದಿಡು. ಹಡಗಿನ ವಿಷಯ ನಿನಗಿಂತ ಇನ್ಯಾರಿಗೆ ಗೊತ್ತು?"

ನನಗಿಂತ ಇನ್ಯಾರಿಗೆ ಗೊತ್ತು. ಹೂಂ.

ಮಾರ್ಚ್ 6, ಮಧ್ಯಾಹ್ನ

ನೀಲಿ ಪುಸ್ತಕ ಮುಗಿಸಿದೆ. ಹಡಗಲ್ಲ, ತೇಲುವ ಊರು. ಹದಿನಾಲ್ಕು ಊಟದ ಜಾಗಗಳು. ಥಿಯೇಟರ್, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್, ಊಟದ ನಡುವೆ ವೇಟರುಗಳ ಕುಣಿತ. ಪಾಪ, ಕೈಯಲ್ಲಿ ತಟ್ಟೆ ಹಿಡಿದು ಕುಣಿಯಬೇಕು. ಬ್ರೆಡ್ ಬುಟ್ಟಿಯ ಫೋಟೊ ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲ ಬನ್ನೂ ಒಂದೇ ಅಳತೆ, ಒಂದೇ ಬಣ್ಣ. ದಡದ ಕಾರ್ಖಾನೆಯಿಂದ ಫ್ರೀಜ್ ಮಾಡಿ ತಂದು ಬಿಸಿ ಮಾಡುವ ಮಾಲು. ನೂರಕ್ಕೆ ನೂರು.

ಬಿಳಿ ಹಡಗು ಚಿಕ್ಕದು. ಸೂಪನ್ನು ಕಣ್ಣೆದುರೇ ಹೂಜಿಯಿಂದ ಸುರಿಯುತ್ತಾರಂತೆ. ರಾತ್ರಿ ಪಿಟೀಲು ಕಛೇರಿ, ಪಂಡಿತರ ಉಪನ್ಯಾಸ. ಬ್ರೆಡ್ ನಿಜವಾದದ್ದು. ಮೇಲ್ಮೈ ಒಡೆದಿರುವುದು ನೋಡಿದರೇ ಗೊತ್ತಾಗುತ್ತದೆ. ಆದರೆ ಇಬ್ಬರು ಪ್ರಯಾಣಿಕರಿಗೆ ಒಬ್ಬ ವೇಟರ್. ಯಾರಾದರೂ ಪಕ್ಕದಲ್ಲಿ ನಿಂತರೆ ಇವಳ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಹಸಿರನ್ನು ನಾಳೆ ನೋಡೋಣ.

ಮಾರ್ಚ್ 7, ಬೆಳಿಗ್ಗೆ ಹತ್ತು

ಹಸಿರು ಪುಸ್ತಕ ತೆರೆದೆ. ಕೈಯಲ್ಲಿದ್ದ ಚಹಾ ತಣ್ಣಗಾಯಿತು.

ನನ್ನ ಹಡಗು.

ಹೆಸರು ಬೇರೆ, ಬಣ್ಣ ಬೇರೆ, ಕಂಪನಿಯೂ ಬೇರೆ. ಆದರೆ ಒಳಗಿನ ನಕ್ಷೆ ಅದೇ. ಆ ನಕ್ಷೆ ಹಡಗಿನ ತಳದ ನಮ್ಮ ಓಣಿಯ ಗೋಡೆಯ ಮೇಲೆ ಹಾಕಿತ್ತು — ಬೆಂಕಿ ಬಿದ್ದರೆ ಎಲ್ಲಿಗೆ ಓಡಬೇಕು ಎಂದು ತೋರಿಸಲು. ಹದಿನೆಂಟು ವರ್ಷ ದಿನಾ ನೋಡಿದ್ದೇನೆ. ಐದನೇ ಡೆಕ್ಕಿನ ಟೀ ಹಾಲ್. ಅದರ ನಡುವೆ ದಾರಿಗೆ ಅಡ್ಡವಾಗಿ ಒಂದು ಕಂಬ, ಯಾಕೆ ಅಲ್ಲಿದೆ ಎಂದು ಕಟ್ಟಿದವನಿಗೂ ಗೊತ್ತಿರಲಿಕ್ಕಿಲ್ಲ. ಕಂಬದ ಹಿಂದೆ ಪುಟ್ಟ ಚೌಕ. ನಮ್ಮ ಬ್ರೆಡ್ ಲಿಫ್ಟ್.

ಲಿಫ್ಟ್ ಎಂದರೆ ಮನುಷ್ಯರದ್ದಲ್ಲ. ನಾಲ್ಕು ಟ್ರೇ ಹಿಡಿಯುವ ಪೆಟ್ಟಿಗೆ. ನಾವು ಕೆಳಗಿನಿಂದ ಬನ್ನು ಇಟ್ಟು ಗುಂಡಿ ಒತ್ತುವುದು, ಮೇಲೆ ವೇಟರ್ ಬಾಗಿಲು ತೆರೆದು ತೆಗೆದುಕೊಳ್ಳುವುದು. ಅವನು ಬಾಗಿಲು ತೆರೆದ ಅಷ್ಟು ಹೊತ್ತು, ಮೇಲಿನ ಪಿಯಾನೊ ಆ ಕೊಳವೆಯಲ್ಲಿ ಇಳಿದು ನಮ್ಮ ತನಕ ಬರುತ್ತಿತ್ತು. ಹತ್ತು ಸೆಕೆಂಡು, ಹೆಚ್ಚೆಂದರೆ ಹದಿನೈದು. ಆಮೇಲೆ ಧಡ್ ಎಂದು ಬಾಗಿಲು. ನಾನು ಬೇಕೆಂದೇ ನಾಲ್ಕು ಟ್ರೇ ಒಟ್ಟಿಗೆ ಕಳಿಸದೆ ಒಂದೊಂದಾಗಿ ಕಳಿಸುತ್ತಿದ್ದೆ. ಮೇಲಿನ ವೇಟರ್ ಬೈದು ಬೈದು ಸುಸ್ತಾದ. ಆ ಮೈದಾ ಘಮ, ಒಲೆಯ ಬಿಸಿ, ಆ ಹತ್ತು ಸೆಕೆಂಡು... ಎಷ್ಟು ಇಷ್ಟವಿತ್ತು ನನಗೆ.

ಆದರೆ ಇವಳು ಈ ಹಡಗು ಹತ್ತುವಂತಿಲ್ಲ. ಹತ್ತಿದರೆ ನನ್ನ ಕತೆ ಮುಗಿಯಿತು.

ಅದೇ ದಿನ, ಸಂಜೆ

ಯಾರೂ ಓದದ ಈ ದಿನಚರಿಯಲ್ಲಾದರೂ ನಿಜ ಬರೆಯುತ್ತೇನೆ.

ಇವಳಿಗೆ ನಾನು ಬರೆದ ಕಾಗದಗಳು ಸುಳ್ಳು. ಬೇಕರಿ ಕೆಲಸ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಆಮೇಲೆ ಟೀ ಹಾಲಿನ ಕಿಟಕಿ ಪಕ್ಕದ ಕುರ್ಚಿ ನನ್ನದೇ, ಚಹಾ ಕುಡಿಯುತ್ತಾ ಸಮುದ್ರ ನೋಡುತ್ತಾ ಪಿಯಾನೊ ಕೇಳುತ್ತೇನೆ ಎಂದು ಬರೆದೆ. ನಿಜ ಏನೆಂದರೆ ಬೇಕರಿ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ದಿನಕ್ಕೆ ಹನ್ನೊಂದು ಗಂಟೆ ಕೆಲಸ, ಒಂದು ಸಲ ಹತ್ತಿದರೆ ಹತ್ತು ತಿಂಗಳು. ಪ್ರಯಾಣಿಕರ ಡೆಕ್ಕಿಗೆ ನಮಗೆ ಪ್ರವೇಶವೇ ಇರಲಿಲ್ಲ. ಟೀ ಹಾಲನ್ನು ನಾನು ಕಣ್ಣಿಂದ ಕಂಡಿಲ್ಲ.

ಮೊದಲ ಕಾಗದ ಬರೆಯಲು ಕೂತದ್ದು ಹಿಟ್ಟಿನ ಮೂಟೆಯ ಮೇಲೆ. ಅಳುತ್ತಿದ್ದೆ. ಇವಳು ನನ್ನನ್ನು ಕಳಿಸಿಕೊಡುವಾಗ ಮಗಳು ಇನ್ನೂ ಕಂಕುಳಲ್ಲಿ. ಅಳುತ್ತಿದ್ದೇನೆ ಎಂದು ಹೇಗೆ ಬರೆಯುವುದು? ನನ್ನ ಮೇಲಿನ ಮಂಚದವನು ಕ್ಯಾಬಿನ್ ಗುಡಿಸುವವನು, ನಾವು ಅವನನ್ನು ಪೊರಕೆ ಮಾಮ ಎನ್ನುತ್ತಿದ್ದೆವು. ಪ್ರಯಾಣಿಕರ ಬಾಗಿಲಡಿ ತೂರಿಸುವ ದಿನದ ಕಾರ್ಯಕ್ರಮದ ಹಾಳೆಗಳನ್ನು ಅವನು ತರುತ್ತಿದ್ದ. ಅದರಲ್ಲಿದ್ದ ಸಾಲುಗಳನ್ನೇ ನಮ್ಮ ಭಾಷೆಗೆ ತಿರುಗಿಸಿ ಬರೆದೆ. ಒಮ್ಮೆ ಬರೆದ ಮೇಲೆ ನಿಲ್ಲಿಸುವುದು ಹೇಗೆ?

ಇವಳು ಆ ಕಾಗದಗಳನ್ನು ತಗಡಿನ ಡಬ್ಬಿಯಲ್ಲಿಟ್ಟಿದ್ದಾಳೆ. ಹಸಿರು ಹಡಗು ಹತ್ತಿ "ನಿಮ್ಮ ಕುರ್ಚಿ ಯಾವುದು?" ಎಂದು ಕೇಳಿಯೇ ಕೇಳುತ್ತಾಳೆ.

ಹಾಗಾಗಿ ಹಸಿರು ಸೋಲಬೇಕು.

ಮಾರ್ಚ್ 9

ಹೋಲಿಕೆ ಬರೆದು ಮುಗಿಸಿದೆ. ಹಸಿರಿನ ಮೇಲೆ ಸಿಕ್ಕಿದ್ದೆಲ್ಲ ಹೇರಿದೆ. ಹಳೆಯ ಹಡಗು. ಊಟದ ಹಾಲ್ ಒಂದೇ. ಮನರಂಜನೆ ಎಂದರೆ ಒಂದು ಪಿಯಾನೊ, ಒಬ್ಬ ಜಾದೂಗಾರ. ಮೆಟ್ಟಿಲು ಜಾಸ್ತಿ, ಮಂಡಿಗೆ ಆಗದು. ಅಲೆಗೆ ಹೆಚ್ಚು ಅಲುಗಾಡುತ್ತದೆ. ಕೊನೆಗೆ ಬಿಳಿಯೇ ಉತ್ತಮ ಎಂದು ಷರಾ.

ಅನ್ನ ಹಾಕಿದ ಹಡಗನ್ನು ಹೀಗೆ ಬೈಯುವುದೇ?

ಮಾರ್ಚ್ 10, ಬೆಳಿಗ್ಗೆ ಎಂಟು

ಇವಳು ಕೆಂಪು ಪೆನ್ನು ಹಿಡಿದೇ ಓದಿದಳು. ಅಭ್ಯಾಸ. ಎರಡು ಕಾಗುಣಿತ ತಿದ್ದಿದಳು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ನೀಲಿ ಹಡಗಿನ ಬ್ರೆಡ್ ಬಗ್ಗೆ ಐದು ಸಾಲು. ಬಿಳೀದಕ್ಕೆ ಏಳು. ಹಸಿರಿಗೆ ಒಂದೂ ಇಲ್ಲ."

"ಫೋಟೊ ಇರ್ಲಿಲ್ಲ."

"ಇದೆ. ಹನ್ನೆರಡನೇ ಪುಟ." ಹಸಿರು ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡಳು. "ಬ್ರೆಡ್ ನೋಡಿ ಬಾಯಿ ಮುಚ್ಕೊಂಡು ಕೂರೋ ಮನುಷ್ಯ ಅಲ್ಲ ನೀವು. ಪ್ರೆಸ್ಸಲ್ಲಿ ಬಿಡುವಾದಾಗ ನೋಡ್ತೀನಿ."

ಹೊರಟುಹೋದಳು. ಹಿಟ್ಟು ಉಬ್ಬಲೇ ಇಲ್ಲ ಇವತ್ತು. ಯೀಸ್ಟ್ ಹಾಕುವುದನ್ನೇ ಮರೆತಿದ್ದೆ.

ಅದೇ ದಿನ, ಸಂಜೆ ಏಳು

ಸಿಕ್ಕಿಬಿದ್ದೆ.

ಹಸಿರು ಪುಸ್ತಕದ ಕೊನೆಯಲ್ಲಿ 'ನಮ್ಮ ಹಡಗಿನ ಹಳೆಯ ದಿನಗಳು' ಎಂದು ಒಂದು ಪುಟ. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಅದರಲ್ಲಿ ಹಳೆಯ ಕಾರ್ಯಕ್ರಮದ ಹಾಳೆಯೊಂದನ್ನು ಇದ್ದ ಹಾಗೇ ಅಚ್ಚು ಹಾಕಿದ್ದಾರೆ. ಇವಳು ಡಬ್ಬಿಯಿಂದ ಒಂದು ಕಾಗದ ತೆಗೆದು ಅದರ ಪಕ್ಕ ಇಟ್ಟಳು. ಸಂಜೆಯ ಬಿಸಿಲು ನೀರಿನ ಮೇಲೆ ಚಿನ್ನದ ಹಾದಿ ಹಾಸಿದೆ, ಕೈಯಲ್ಲಿ ಚಹಾ, ಕಿವಿಯಲ್ಲಿ ಪಿಯಾನೊ, ಇನ್ನೇನು ಬೇಕು. ಅದರಲ್ಲಿ ಇಂಗ್ಲಿಷಿನಲ್ಲಿ ಅದೇ. ಇದರಲ್ಲೂ ಅದೇ.

"ಮೂಲಪ್ರತಿ ಇದು, ನಕಲು ಇದು," ಎಂದಳು. ದನಿ ಏರಲಿಲ್ಲ. "ತಾಳೆ ನೋಡೋದು ನನ್ನ ಕೆಲಸ. ಒಂದು ಅಲ್ಪವಿರಾಮಾನೂ ಬಿಟ್ಟಿಲ್ಲ ನೀವು. ಆ ಕುರ್ಚಿ ಇತ್ತಾ?"

"ಕುರ್ಚಿ ಇತ್ತು. ನಾನು ಕೂತಿರ್ಲಿಲ್ಲ."

ಎಲ್ಲ ಹೇಳಿದೆ. ಓಣಿ, ಹನ್ನೊಂದು ಗಂಟೆ, ಹಿಟ್ಟಿನ ಮೂಟೆ. ಪೂರ್ತಿ ಕೇಳಿ ಡಬ್ಬಿಯ ಮುಚ್ಚಳ ಹಾಕಿದಳು.

ಮಾರ್ಚ್ 15

ಐದು ದಿನ. ಬೇಕಾದಷ್ಟೇ ಮಾತು — ಗ್ಯಾಸ್ ಮುಗಿದಿದೆ, ಮಗಳ ಫೋನ್ ಇತ್ತು.

ಇವತ್ತು ಅಂಗಡಿಯಿಂದ ಕತ್ತರಿಸಿದ ಬ್ರೆಡ್ ಪ್ಯಾಕೆಟ್ ತಂದಳು. ನನ್ನ ಬಿಸಿ ಬ್ರೆಡ್ ಮೇಜಿನ ಮೇಲಿರುವಾಗಲೇ ಪ್ಲಾಸ್ಟಿಕ್ ಹರಿದು ಅದನ್ನು ತಿಂದಳು. ನಲವತ್ತು ವರ್ಷದ ಸಂಸಾರದಲ್ಲಿ ಇಂಥ ಏಟು ತಿಂದಿರಲಿಲ್ಲ.

ಮಾರ್ಚ್ 17, ಸಂಜೆ

ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆವು. ಬೆಡ್‌ಶೀಟಿನ ಆ ತುದಿ ಅವಳ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಮಡಿಸುತ್ತಾ ಮಡಿಸುತ್ತಾ ಹತ್ತಿರ ಬಂದಾಗ ಮಾತು ಶುರು ಮಾಡಿದಳು.

"ಹದಿನೆಂಟು ವರ್ಷ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಕಣ್ರೀ. ಮಗೂಗೆ ಜ್ವರ ಬಂದಾಗ, ನಲ್ಲಿ ಒಡೆದು ಮನೆಯೆಲ್ಲ ನೀರಾದಾಗ, ಇವರು ಅಲ್ಲಿ ಕಿಟಕಿ ಪಕ್ಕ ಕೂತು ಚಹಾ ಕುಡೀತಿದಾರೆ ಅಂತ ಒಳಗೊಳಗೇ ಬೈಕೊಂಡೆ. ಒಂದು ಸಲ ರಜೆಗೆ ಬಂದಾಗ ನಿಮ್ಮ ಕೈಲಿ ಇಡೀ ಮನೆಗೆ ಬಣ್ಣ ಹೊಡೆಸಿದೆ, ನೆನಪಿದ್ಯಾ? ಹತ್ತು ತಿಂಗಳು ಆರಾಮಾಗಿ ಇದ್ದು ಬಂದಿದಾರೆ, ಸ್ವಲ್ಪ ಮೈ ಬಗ್ಗಿಸ್ಲಿ ಅಂತಾನೇ ಹೊಡೆಸಿದ್ದು."

"ನೆನಪಿದೆ. ಎರಡು ಕೋಟ್."

"ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ನಿನಗೆ ಸಮಾಧಾನ ಆಗ್ಲಿ ಅಂತ ಬರೆದೆ."

"ಆಗ್ಲಿಲ್ಲ. ನೀವು ಅಳ್ತಿದೀನಿ ಅಂತ ಒಂದೇ ಒಂದು ಸಲ ಬರೆದಿದ್ರೆ ನಾನೂ ಬರೀತಿದ್ದೆ. ನಾನೂ ಅಳ್ತಿದ್ದೆ. ನೀವು ಸುಖವಾಗಿದೀರಿ ಅಂದ್ಮೇಲೆ ನಾನೊಬ್ಬಳೇ ಯಾಕೆ ಅಳ್ಲಿ ಅಂತ, ಇಲ್ಲೂ ಎಲ್ಲ ಚೆನ್ನಾಗಿದೆ ಅಂತ ಬರೆದೆ. ನಿಮ್ಮದು ಆ ಹಾಳೆ ನೋಡಿ ಬರೆದದ್ದು. ನಂದು ಅದೂ ಇಲ್ದೆ ಬರೆದದ್ದು."

ಬೆಡ್‌ಶೀಟ್ ಪುಟ್ಟ ಚೌಕವಾಗಿತ್ತು. ಇಬ್ಬರೂ ಹಿಡಿದುಕೊಂಡು ನಿಂತೇ ಇದ್ದೆವು. ನನಗೆ ಅಳು ಬಂತು. ಅವಳಿಗೂ. ಇಷ್ಟು ವರ್ಷ ಬೇರೆ ಬೇರೆಯಾಗಿ ಅತ್ತದ್ದನ್ನು ಇವತ್ತು ಜೊತೆಗೆ ಅತ್ತೆವು. ದರ್ಜಿ ಮಹಡಿಯಿಂದ ಇಣುಕಿ ನೋಡಿ ಒಳಗೆ ಹೋದ.

ಮಾರ್ಚ್ 18

ಮಗಳು ಫೋನಿನಲ್ಲಿ ಕೂಗಾಡಿದಳು.

"ಅಮ್ಮ, ಅಪ್ಪನೇ ಬರೆದಿದಾರೆ. ಹಸಿರಲ್ಲಿ ಊಟ ಸುಮಾರು, ಮನರಂಜನೆ ಸುಮಾರು, ರೂಮೂ ಸುಮಾರು."

"ಬರೆದವರಿಗೆ ಬುದ್ಧಿಯೂ ಸುಮಾರು. ಹಸಿರೇ ಬುಕ್ ಮಾಡು."

ರಾತ್ರಿ ಊಟಕ್ಕೆ ನನ್ನ ಬ್ರೆಡ್ ತಿಂದಳು. ಎರಡು ತುಂಡು.

ಏಪ್ರಿಲ್ 12, ಹಡಗಿನಲ್ಲಿ, ಮಧ್ಯಾಹ್ನ ಮೂರು

ಎರಡನೇ ದಿನ. ಈಗ ಪ್ರಯಾಣಿಕರಿಗೆ ಅಡುಗೆಮನೆ ತೋರಿಸುವ ಏರ್ಪಾಡಿದೆ. ಮನರಂಜನೆಯ ಪಟ್ಟಿಯಲ್ಲಿ ಜಾದೂಗಾರನ ಕೆಳಗೆ ಅದೂ ಒಂದು. ನಾವು ಒಂದು ಕಾಲಕ್ಕೆ ಬೆವರು ಸುರಿಸಿದ್ದು ಈಗ ಮನರಂಜನೆ!

ಇಳಿದೆವು. ಬೇಕರಿ ಇಷ್ಟೇ ಚಿಕ್ಕದಾಗಿತ್ತೇ? ನನಗೆ ದೊಡ್ಡದೆಂದು ನೆನಪಿತ್ತು. ಗೋಡೆಗೆ ಹೊಸ ಟೈಲ್ಸ್, ಮೂಲೆಯ ಮಿಕ್ಸರ್ ಮಾತ್ರ ಹಳೆಯದೇ, ನಾನು ಗುದ್ದಿದ ತಗ್ಗು ಇನ್ನೂ ಇದೆ. ಹೆಡ್ ಬೇಕರ್ ಈಗ ಒಬ್ಬ ಹೆಂಗಸು. ನಾನು ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ "ಇನ್ನೂ ಹತ್ತು ನಿಮಿಷ" ಎಂದೆ, ತಡೆಯಲಾಗಲಿಲ್ಲ. ಆಕೆ ಗುರ್ ಎಂದು ನೋಡಿ, ತಾನೂ ಒತ್ತಿ ನೋಡಿ, ಟ್ರೇ ವಾಪಸ್ ಇಟ್ಟಳು.

ಇವಳು ಗೋಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಕಿಟಕಿ ಇರಬಹುದೇ ಎಂದು ಹುಡುಕಿದ ಹಾಗೆ.

"ಹೊರಗೆ ಬೆಳಗಾಯ್ತು ಅಂತ ಹೇಗೆ ಗೊತ್ತಾಗ್ತಿತ್ತು?"

"ಮೇಲಿಂದ ಬನ್ನು ಕೇಳಿದ್ರೆ ಬೆಳಗಾಯ್ತು ಅಂತ."

ಲಿಫ್ಟ್ ಕೆಲಸ ಮಾಡುತ್ತಿಲ್ಲವಂತೆ. ಅದರ ಬಾಗಿಲಿಗೆ ಹಲಗೆ ಹೊಡೆದಿದ್ದಾರೆ. ಮೇಲಿನ ಸದ್ದೆಲ್ಲ ಇದರಲ್ಲೇ ಇಳಿಯುತ್ತಿತ್ತು ಎಂದೆ. ಇವಳು ಅದಕ್ಕೆ ಕಿವಿಯಿಟ್ಟು ನಿಂತಳು. ಗುಂಪು ಮುಂದೆ ಹೋದರೂ ಕದಲಲಿಲ್ಲ.

ಏಪ್ರಿಲ್ 13, ಸಂಜೆ ಐದೂವರೆ, ಟೀ ಹಾಲ್

ಕಿಟಕಿ ಪಕ್ಕದ ಕುರ್ಚಿ. ಕೊನೆಗೂ ಕೂತೆ. ಮೆತ್ತೆ ಸ್ವಲ್ಪ ಗಟ್ಟಿ. ಚಹಾಕ್ಕೆ ಹಾಲು ಕಡಿಮೆ. ಬನ್ನು — ಹೇಳಲೇಬೇಕು — ನನ್ನ ಕಾಲಕ್ಕಿಂತ ಚೆನ್ನಾಗಿದೆ. ಕಂಬ ಇದ್ದಲ್ಲೇ ಇದೆ, ಎಲ್ಲರೂ ಅದಕ್ಕೆ ಡಿಕ್ಕಿ ಹೊಡೆಯುತ್ತಿದ್ದಾರೆ.

ಇವಳು ತಗಡಿನ ಡಬ್ಬಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ಎದುರು ಕೂತು, ಕೆಂಪು ಪೆನ್ನು ಹಿಡಿದು, ಒಂದೊಂದೇ ಕಾಗದ ತಿದ್ದುತ್ತಿದ್ದಾಳೆ.

"'ಕೆಲಸ ಮೂರು ಗಂಟೆಯಲ್ಲಿ ಮುಗಿಯಿತು.'"

"ಹನ್ನೊಂದು."

ಹೊಡೆದು ಹಾಕಿ ಹನ್ನೊಂದು ಬರೆದಳು.

"'ಸಂಜೆ ಸಮುದ್ರ ನೋಡುತ್ತಾ ಕೂತಿದ್ದೆ.'"

"ಒಲೆ ನೋಡ್ತಾ ನಿಂತಿದ್ದೆ."

ತಿದ್ದಿದಳು. ಪುಟವೆಲ್ಲ ಕೆಂಪು.

"'ಇವತ್ತೂ ಪಿಯಾನೊ ಕೇಳಿದೆ. ನೀನು ಪಕ್ಕದಲ್ಲಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.'" ಪೆನ್ನು ನಿಲ್ಲಿಸಿದಳು. "ಇದು?"

"ಅದು ನಿಜ. ಎರಡೂ ನಿಜ. ಲಿಫ್ಟಿನ ಬಾಗಿಲು ತೆರೆದಾಗ ಬರ್ತಿತ್ತು. ಹತ್ತು ಸೆಕೆಂಡು."

ಆ ಸಾಲಿನ ಅಡಿಯಲ್ಲಿ ಒಂದಾದ ಮೇಲೊಂದು ಚುಕ್ಕಿ ಇಟ್ಟಳು. ಪ್ರೂಫಿನವರ ಗುರುತು ಅದು. ಇದನ್ನು ಮುಟ್ಟಬೇಡಿ, ಇದ್ದ ಹಾಗೇ ಇರಲಿ ಎಂದು. ಪಕ್ಕದಲ್ಲಿ 'ಇರಲಿ' ಎಂದೂ ಬರೆದಳು.

ಪಿಯಾನೊದವನು ಈಗ ಬಂದು ಕೂತ. ಬೆರಳು ನೆಟಿಗೆ ತೆಗೆಯುತ್ತಿದ್ದಾನೆ. ಹದಿನೆಂಟು ವರ್ಷದಲ್ಲಿ ನಾನು ಒಂದು ಹಾಡನ್ನೂ ಕೊನೆಯವರೆಗೆ ಕೇಳಿದವನಲ್ಲ. ಯಾವುದು ಹೇಗೆ ಮುಗಿಯುತ್ತದೆ ಎಂದೇ ಗೊತ್ತಿಲ್ಲ. ಇವಳಿಗೆ ಅದನ್ನು ಹೇಳಿದೆ. "ಹಾಗಾದ್ರೆ ಬರೆಯೋದು ನಿಲ್ಸಿ, ಕೇಳಿ," ಅಂತ ನನ್ನ ಪೆನ್ನು ಕಿತ್ಕೊ—