ಒಗೆಯುವ ಕಲ್ಲಿನ ಪಾಠ

ಆಗಸ್ಟ್ 21, ಸಂಜೆ. ಶಿಕಾರಿಪುರ, ಹಾಸ್ಟೆಲ್

ಇವತ್ತೂ ಒಗೆಯುವ ಕಲ್ಲಿನ ಹತ್ತಿರ. ನನ್ನ ಕೈಯಲ್ಲಿ ಇಬ್ಬರ ಬಟ್ಟೆ, ರೂಮ್‌ಮೇಟ್ ಶರಣ್ಯಳ ಕೈಯಲ್ಲಿ ಸೈಕಾಲಜಿ. ಅವಳು ಜೋರಾಗಿ ಓದುತ್ತಾಳೆ, ನಾನು ಒಗೆಯುತ್ತ ಕೇಳುತ್ತೇನೆ. ನಾನೇ ಓದಿದರೆ ಸಾಲು ಜಾರುತ್ತದೆ... ಕೇಳಿದ್ದು ಮಾತ್ರ ಕೂತುಬಿಡುತ್ತದೆ. ಮೆಮೊರಿ ಚಾಪ್ಟರ್ ಪೂರ್ತಿ ಒಪ್ಪಿಸಿದೆ.

"ನೀನೇ ನನ್ನ ಗೈಡು ಕಣೇ ವಾಣಿ" ಅಂದಳು.

ನನ್ನ ಓದಿನ ವಿಷಯ ಅವಳೊಬ್ಬಳಿಗೇ ಗೊತ್ತು. ಅವಳಿಲ್ಲದಿದ್ದರೆ ಫೇಲ್. ಬರೆದದ್ದನ್ನು ತಿರುಗಿ ಓದಲಾರೆ — ಇರಲಿ.

ಸೆಪ್ಟೆಂಬರ್ 9

ಶರಣ್ಯಳ ಸೆಮಿನಾರ್. ಕಲಿಕೆಯ ತೊಂದರೆ ಇರುವ ಮಕ್ಕಳ ಸಾಮರ್ಥ್ಯ, ದೌರ್ಬಲ್ಯ. ಪಾಯಿಂಟ್ಸ್ ಹೇಳಿಕೊಟ್ಟವಳು ನಾನೇ.

"ಕೇಸ್ ಎ. ಸೊರಬದ ಕಡೆಯ ಹುಡುಗಿ. ಓದು ಬಹಳ ನಿಧಾನ. ಕೇಳಿದ್ದು ಮರೆಯಲ್ಲ. ಬಟ್ಟೆ ಒಗೀತಾ ಪಾಠ ಕಲೀತಾಳೆ."

ಕ್ಲಾಸೆಲ್ಲ ನನ್ನ ಕಡೆ ತಿರುಗಿತು. ಹಿಂದಿನ ಬೆಂಚಿನಿಂದ — "ಯಾವ ಸೋಪು ಕೇಳ್ರೇ, ನಾವೂ ತರ್ತೀವಿ." ಮೇಡಂ ಕೂಡ ನಕ್ಕರು.

ಮುಂದಿನ ಸ್ಲೈಡ್. "ಮೂರನೇ ಕ್ಲಾಸಲ್ಲೇ ಶಿವಮೊಗ್ಗದಲ್ಲಿ ಟೆಸ್ಟ್ ಆಗಿತ್ತು. ಬುದ್ಧಿ ಚುರುಕು, ಪಾಠ ಬೇರೆಯವ್ರು ಓದಿ ಹೇಳ್ಬೇಕು ಅಂದಿದ್ರು."

ಅದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಕಣ್ಣಿನ ಟೆಸ್ಟ್ ಅಂದಿದ್ದರು. ಬಣ್ಣದ ಬಿಲ್ಲೆ ಜೋಡಿಸಿದ್ದು ನೆನಪಿದೆ. ಕಣ್ಣಿಗೆ ಬಿಲ್ಲೆ ಯಾಕೆ ಅಂತ ಆಗ ಹೊಳೆಯಲಿಲ್ಲ.

ರೂಮಿನಲ್ಲಿ ಕೇಳಿದೆ. "ನಿಮ್ಮಮ್ಮಂಗೆ ಫೋನ್ ಮಾಡಿದ್ದೆ, ಅವರೇ ಹೇಳಿದ್ರು. ಹೆಸರು ಹಾಕಿಲ್ವಲ್ಲೇ, ಯಾಕಷ್ಟು ಸಿಟ್ಟು ಮಾಡ್ತಿ?"

ಸೆಪ್ಟೆಂಬರ್ 14, ಭಾನುವಾರ. ಕುಪ್ಪಗಡ್ಡೆ, ನಮ್ಮೂರು

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಟೆಸ್ಟಿನ ವಿಷಯ ಕೇಳಿದೆ. ಮೊರದಿಂದ ತಲೆ ಎತ್ತಲಿಲ್ಲ.

"ಎಂತ ಮಾಡದು ಮಾರಾಯ್ತಿ. ಊರಿಗೆ ಗೊತ್ತಾದ್ರೆ ನಾಳೆ ನಿನ್ನ ಕೇಳ್ಕಂಡು ಯಾರು ಬರ್ತಾರೆ? ಸಣ್ಣೋಳಿದ್ದಾಗ್ಲೇ ಹಾಸ್ಟೆಲ್ ಶಾಲೆಗೆ ಹಾಕಿದ್ರೆ ಸರಿಯಾಗ್ತೀಯ ಅಂದ್ಕಂಡ್ವಿ."

"ಅಲ್ಲಿ ಸೋಮಾರಿ ಅಂತ ಹೊಡೀತಿದ್ರಲ್ಲಮ್ಮ. ಆಗ್ಲಾದ್ರೂ ಹೇಳ್ಬಾರ್ದಿತ್ತಾ?"

ಒಂದು ಕಲ್ಲು ಹೆಕ್ಕಿ ಎಸೆದಳು.

"ಮತ್ತೆ ಶರಣ್ಯಂಗೆ ಹೇಳಿದ್ದು?"

"ಆ ಹುಡ್ಗಿ ಕೇಳ್ತು, ಹೇಳ್ದೆ. ನೀನು ಯಾವತ್ತೂ ಕೇಳ್ಲೇ ಇಲ್ವಲ್ಲ."

ಊಟ ಮಾಡದೆ ಬಸ್ ಹತ್ತಿದೆ.

ಅಕ್ಟೋಬರ್ 6, ಸಂಜೆ. ಹಾಸ್ಟೆಲ್

ನಾಳೆ ಸೈಕಾಲಜಿ ಇಂಟರ್ನಲ್ಸ್. ಇಷ್ಟು ದಿನ ಒಬ್ಬಳೇ ಓದಿ ನೋಡಿದೆ. ಒಂದು ಚಾಪ್ಟರೂ ಮುಗಿದಿಲ್ಲ.

ಒಗೆಯುವ ಕಲ್ಲಿನ ಹತ್ತಿರ ಶರಣ್ಯ ಬಂದಳು. ತನ್ನ ಬಕೆಟ್ಟನ್ನು ನನ್ನ ಬಕೆಟ್ಟಿನ ಪಕ್ಕ ಇಟ್ಟಳು. ಸಾರಿ ಇಲ್ಲ. ಪುಸ್ತಕ ತೆಗೆದು ಓದತೊಡಗಿದಳು, ನಿನ್ನೆಯಷ್ಟೇ ನಿಲ್ಲಿಸಿದ ಹಾಗೆ.

ಹೋಗು ಅನ್ನಲಿಲ್ಲ. ಪಾಸಾಗಬೇಕಲ್ಲ. ನನ್ನ ಬಟ್ಟೆ ಮಾತ್ರ ಒಗೆದೆ. ಅವಳ ಬಟ್ಟೆ ನೆನೆಯದೆ ಬಕೆಟ್ಟಿನಲ್ಲೇ ಉಳಿಯಿತು. ಅವಳು ನೋಡಿದಳು, ಓದುವುದು ನಿಲ್ಲಿಸಲಿಲ್ಲ.

ಚಾಪ್ಟರ್ ಪೂರ್ತಿ ಕೂತಿದೆ. ಈಗ ಒಪ್ಪಿಸಿ ನೋಡುತ್ತಿದ್ದೇನೆ, ಗೋಡೆಗೆ. ಸರಿಯಾಗಿ ಬರುತ್ತದೆ. ಆದರೆ ಎಲ್ಲವೂ ಅವಳ ದನಿಯಲ್ಲೇ. ಚಾಪ್ಟರ್ ಮುಗಿದರೂ ಆ ದನಿ ನಿಲ್ಲುವುದಿಲ್ಲ, ಸೆಮಿನಾರಿಗೆ ಹೋಗುತ್ತದೆ, ಒಂದಕ್ಷರ ಬಿಡದೆ. ಕೇಸ್ ಎ. ಸೊರಬದ ಕಡೆಯ ಹುಡುಗಿ. ಓದು ಬಹಳ—