ಕಾಗೆ ಬಾರದ ದಿಬ್ಬ

ಸದಾಶಿವ ಪೇಠ, ಪುಣೆ
ಮಾರ್ಚ್ ೧೮, ಮಂಗಳವಾರ ಸಂಜೆ

ಪ್ರೀತಿಯ ಕೇತಕಿಗೆ ಅವ್ವನ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ಅಳಿಯಂದಿರು ಅಮೇಯ ಆರಾಮ ಇದ್ದಾರೆಯೇ? ತಳೇಗಾಂವದಲ್ಲಿ ಆಗಲೇ ನೀರಿನ ತ್ರಾಸು ಶುರುವಾಗಿದೆಯಂತೆ, ಕುದಿಸಿ ಕುಡಿಯಿರಿ. ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೆಳಗಿನ ಮನೆಯ ಮುಕ್ತಾ ನಿಮ್ಮ ಕಡೆಯ ಕಾರ್ಖಾನೆಗೆ ಕೆಲಸಕ್ಕೆ ಬರುತ್ತಾಳಲ್ಲ, ನಾಳೆ ಮುಂಜಾನೆ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಸಿಟ್ಟು ಬಂದರೂ ಪೂರ್ತಿ ಓದು.

ನಿನ್ನೆ ನಿನ್ನ ತಮ್ಮನ ವರ್ಷದ ಶ್ರಾದ್ಧ. ಬಲೆಗೆ ಸಿಕ್ಕ ಆಮೆಯನ್ನು ಬಿಡಿಸಲು ಹೋಗಿ ಮಂದಾರ ಮುಳುಗಿದನಲ್ಲ, ಆ ಕೊಂಕಣದ ದಂಡೆಯಲ್ಲೇ ಮಾಡಬೇಕೆಂದು ನಿಮ್ಮಪ್ಪ ಹಟ ಹಿಡಿದರು. ಆಮೆಗಳಿಗಾಗಿ ಅವನು ಕಾಯುತ್ತಿದ್ದ ಮರಳಿನ ದಿಬ್ಬಗಳನ್ನು ನಾವು ನೋಡಿದ್ದು ಈಗಲೇ. 'ಅಪ್ಪಾ, ಒಮ್ಮೆ ಬರ್ರಿ' ಎಂದು ಎಷ್ಟು ಕರೆದಿದ್ದ. ಬೇಲಿ, ಫಲಕ, ನಡೆಯಲು ಹಗ್ಗ ಕಟ್ಟಿದ ಸಣ್ಣ ದಾರಿ. ದಿಬ್ಬದ ತುಂಬ ನೇರಳೆ ಹೂವಿನ ಬಳ್ಳಿ, ಅದನ್ನು ತುಳಿದರೆ ಮರಳು ಹಾರಿ ಹೋಗುತ್ತದಂತೆ. ನಿಮ್ಮಪ್ಪ ಚಪ್ಪಲಿ ಬಿಟ್ಟು, ಗುಡಿಯೊಳಗೆ ಹೋದಂತೆ ಹೋದರು.

ದಂಡೆಯಲ್ಲಿ ಪಿಂಡ ಇಟ್ಟೆವು. ಕಾಗೆ ಮುಟ್ಟಿದ ಮೇಲೆಯೇ ನಮ್ಮ ಊಟ, ನಿನಗೆ ಗೊತ್ತು. ಕಾಗೆ ಬರಲಿಲ್ಲ. ಹೋದವರ ಆಸೆ ಏನೋ ಉಳಿದಿರಬೇಕೆಂದು ನಿಮ್ಮಪ್ಪ ಕೈಮುಗಿದು ಒಂದೊಂದೇ ಮಾತು ಕೊಟ್ಟರು. ಅವನ ಪುಸ್ತಕ ಯಾರಿಗೂ ಕೊಡುವುದಿಲ್ಲ ಅಂದರು. ಅವನ ಬಳ್ಳಿಗಳ ಬೇಲಿ ಗಟ್ಟಿ ಮಾಡಿಸುತ್ತೇನೆ ಅಂದರು. ಬಿಸಿಲು ನೆತ್ತಿಗೆ ಬಂತು. ಕಡೆಗೆ, ನಾನು ಬದುಕಿನಲ್ಲಿ ಕೇಳುತ್ತೇನೆ ಅಂದುಕೊಂಡಿರದ ಮಾತು ಅವರ ಬಾಯಿಂದ ಬಂತು: 'ನಿಮ್ಮಕ್ಕನ್ನ ಮನಿಗೆ ಕರೀತೀನೋ ಮಂದಾರ. ಅಕಿನ್ನ ಮೆಟ್ಟಿಲ ಮ್ಯಾಲೆ ನಿಲ್ಲಿಸಿದ್ದು ನಂದು ತಪ್ಪು.' ನಿಮ್ಮ ಮದುವೆಯ ಸಿಟ್ಟಿಗೆ, ತಮ್ಮನ ಕಡೆಯ ಮುಖ ನೋಡಲು ಬಂದ ನಿನ್ನನ್ನೂ ಒಳಗೆ ಬಿಡದಿದ್ದವರು, ಸಮುದ್ರದ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಹೇಳಿದರು.

ಆಗಲೂ ಕಾಗೆ ಬರಲಿಲ್ಲ.

ಅಲ್ಲಿಯ ಕಾವಲಿನ ಸ್ವಪ್ನಿಲ್ ನನ್ನನ್ನು ಬದಿಗೆ ಕರೆದ. 'ಕಾಕೂ, ಇಲ್ಲಿ ಕಾಗೆ ಹಾಯೂದೇ ಇಲ್ಲ. ಆಮೆಮರಿ ತಿಂತಾವ ಅಂತ ಮಂದಾರನೇ ಕವಣೆ ಹಿಡಿದು ಓಡಿಸಿ ಓಡಿಸಿ ದಂಡೆ ಬಿಡಿಸ್ಯಾನ' ಎಂದ. ಹೇಳಿದೆ, ನಿಮ್ಮಪ್ಪ ಕೇಳಲಿಲ್ಲ. ಊರೊಳಗೆ ಹೋಗಿ ಇಡೋಣ ಅಂದೆ. ಭಟ್ಟರು ದರ್ಭೆಯ ಕಾಗೆ ಮಾಡಿ ಮುಟ್ಟಿಸುತ್ತೇನೆ ಅಂದರು. 'ಹುಲ್ಲಿನ ಕಾಗಿಗೆ ನನ್ನ ಮಗನ ಮನಸ್ಸು ಏನು ಗೊತ್ತು? ಅಂವಾ ನನ್ನ ಮಾತು ನಂಬವಲ್ಲ' ಎಂದು ನಿಮ್ಮಪ್ಪ ಅಲ್ಲೇ ಕುಳಿತರು. ಇವತ್ತೂ ಅನ್ನ ಮುಟ್ಟಿಲ್ಲವಂತೆ. ಸಕ್ಕರೆ ಕಾಯಿಲೆಯವರು, ಉಪವಾಸ ತಡೆಯುವವರಲ್ಲ. ಒತ್ತಾಯ ಮಾಡಿ ಎಳನೀರು ಕುಡಿಸುತ್ತಿದ್ದೇನೆಂದು ಸ್ವಪ್ನಿಲ್ ಈಗ ಫೋನಿನಲ್ಲಿ ಹೇಳಿದ. ಮಗ ಹೋದ ದಂಡೆಯಲ್ಲೇ ಇವರನ್ನೂ ಕಳಕೊಂಡು ಬರುತ್ತೇನೋ ಎಂದು ನನಗೆ ಜೀವ ನಿಲ್ಲುತ್ತಿಲ್ಲ.

ನಿನ್ನ ಸಿಟ್ಟು ಸುಳ್ಳಲ್ಲ, ಕೇತಕಿ. ಮರೆತುಬಿಡು ಅಂತ ನಾನು ಹೇಳುವುದಿಲ್ಲ. ನೀವಿಬ್ಬರೂ ಉಂಡುಟ್ಟು ಸುಖವಾಗಿರಿ, ದೇವರು ನಿಮ್ಮ ಬೆನ್ನಿಗಿರಲಿ.

ನಿನ್ನ ಅವ್ವ,
ಇಂದೂ

ತಾ.ಕ.: ಮರೆತ ಔಷಧಿ ತರುತ್ತೇನೆಂದು ಅವರಿಗೆ ಹೇಳಿ ಪುಣೆಗೆ ಬಂದೆ. ಔಷಧಿ ನನ್ನ ಚೀಲದಲ್ಲೇ ಇತ್ತು, ಅದನ್ನು ಗುಟ್ಟಾಗಿ ಸ್ವಪ್ನಿಲ್ ಕೈಗೆ ಕೊಟ್ಟೆ; ನಾನು ಬಂದಿದ್ದು ಈ ಪತ್ರಕ್ಕೆ. 'ಅಕಿ ಬರಂಗಿಲ್ಲ, ಕೇಳಿ ಸಣ್ಣಾಕಿ ಆಗಬ್ಯಾಡ' ಎಂದಿದ್ದರು. ಕೇಳುತ್ತಿದ್ದೇನೆ. ನಾಳೆ ನಸುಕಿನ ಬಸ್ಸಿಗೆ ನಾನು ವಾಪಸ್ಸು ಹೋಗುತ್ತೇನೆ. ನೀನು ಹಿಂದಿನಿಂದ ಬಾ. ಬರಲು ಮನಸ್ಸಾಗದಿದ್ದರೆ ಸ್ವಪ್ನಿಲ್‌ಗೆ ಫೋನು ಮಾಡು, ನಂಬರು ಹಿಂದೆ ಬರೆದಿದ್ದೇನೆ, ಅವನು ಅವರ ಕಿವಿಗೆ ಹಿಡಿಯುತ್ತಾನೆ. ಬೇರೇನೂ ಮಾತಾಡಬೇಡ. 'ಅಪ್ಪಾ, ಊಟಾ ಮಾಡ್ರಿ' ಅನ್ನು, ಸಾಕು.