ಒಳಗಡೆ ಕಾರಿದೆ

ಹ್ಯಾರ್ಲನ್ ಅಣ್ಣಾ,

ಇವತ್ತು ನನ್ನ ಕೊನೆಯ ರೇಸ್ ಮುಗಿಯಿತು. ಕ್ಯಾರೊಲೈನಾದ ಅದೇ ಅರ್ಧ ಮೈಲಿಯ ಟ್ರ್ಯಾಕ್. ನೀನು ತೀರಿಹೋಗಿ ಎರಡು ವರ್ಷ. ಗ್ಯಾಲರಿಯ ಮಾಡಿನ ಮೇಲೆ ನೀನು ರೇಡಿಯೊ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ ನಿನ್ನ ಮಗಳು ವರ್ನಾ ನಿಂತಿದ್ದಳು. ಸ್ಟಿಯರಿಂಗ್ ಹಿಡಿದವನಿಗೆ ಪಕ್ಕದ ಕಾರು ಕಾಣುವುದಿಲ್ಲ, ನಾನೇ ನಿನ್ನ ಕಣ್ಣು ಅನ್ನುತ್ತಿದ್ದೆಯಲ್ಲ, ಇವತ್ತು ಅವಳು ನನ್ನ ಕಣ್ಣಾಗಿದ್ದಳು.

ಕೊನೆಯ ಸುತ್ತಿನಲ್ಲಿ ಕೂಗಿದಳು, “ಒಳಗಡೆ ಕಾರಿದೆ ಚಿಕ್ಕಪ್ಪ, ಇಳೀಬೇಡಿ!” ಥೇಟ್ ನಿನ್ನ ಧಾಟಿ. ನಾನು ಟ್ರ್ಯಾಕಿನ ಒಳಬದಿಗೆ ಇಳಿಯಲಿಲ್ಲ. ಗೆಲುವು ಕೈತಪ್ಪಿತು, ಯಾರ ಕಾರಿಗೂ ಒಂದು ಗೀರು ಬೀಳಲಿಲ್ಲ.

ಅವತ್ತು ನೀನೂ ಅದನ್ನೇ ಕೂಗಿದ್ದೆ. ಗೆಲ್ಲುವ ಹಟಕ್ಕೆ ನಾನು ಇಳಿದೆ. ನಾನೂ ಒಳಗಡೆಯ ಕಾರಿನವನೂ ಗೋಡೆಗೆ ಬಡಿದೆವು. ನಾನು ನಡೆದುಕೊಂಡು ಹೊರಬಂದೆ, ಆತ ಇವತ್ತಿಗೂ ಗಾಲಿಕುರ್ಚಿಯಲ್ಲಿದ್ದಾನೆ. ಟೀವಿಯವರ ಮೈಕಿಗೆ ನಾನು ಹೇಳಿದ್ದು ನಿನಗೆ ನೆನಪಿರಬೇಕು: “ಅಣ್ಣ ಬಾಯೇ ಬಿಡ್ಲಿಲ್ಲ. ನಂಗೇನೂ ಕೇಳಿಸ್ಲಿಲ್ಲ.”

ಆಮೇಲೆ ನೀನು ಆ ಮಾಡು ಹತ್ತಲೇ ಇಲ್ಲ. ಯಾರ ಮುಂದೆಯೂ ನನ್ನನ್ನು ಸುಳ್ಳುಗಾರ ಅನ್ನಲೂ ಇಲ್ಲ. ಒಂದು ಸಲ ಅಂದುಬಿಡಬಾರದಿತ್ತೇ?

ರೇಸ್ ಮುಗಿದ ಮೇಲೆ ವರ್ನಾ ಇಳಿದು ಬಂದು ನನ್ನ ಕಾರಿನ ಕಿಟಕಿಗೆ ಬಗ್ಗಿದಳು.

“ಚಿಕ್ಕಪ್ಪ, ಅವತ್ತು ಅಪ್ಪ ನಿಜವಾಗ್ಲೂ ಏನೂ ಹೇಳ್ಲಿಲ್ವಾ?”

ಎಂಜಿನ್ ಆಫ್ ಆಗಿತ್ತು. ಹೆಲ್ಮೆಟ್ ನನ್ನ ತೊಡೆಯ ಮೇಲಿತ್ತು. ನಾನು ಕಿವಿಗೆ ಕೈ ಹಿಡಿದು, “ಏನಮ್ಮಾ? ಕೇಳಿಸ್ಲಿಲ್ಲ” ಅಂದೆ.

ಅವಳು ಇನ್ನೊಂದು ಸಲ ಕೇಳಲಿಲ್ಲ.

ರಾಯ್ಸ್